ನೀರಿಗಿಳಿಯದ ಶಿಷ್ಯರು

ಕಳೆದ ವಾರ ಕಾರವಾರದಿಂದ ಬಂದ ಪರಿಚಿತರೊಬ್ಬರು ಮಾತಿನ ನಡುವೆ, ಬ್ಯಾಪ್ಟಿಸ್ಟ್ ಸಭೆಯ ಆ ಹಳೆಯ ಉಪದೇಶಿಗಳು ತೀರಿಹೋದರೆಂದು ಹೇಳಿದರು. ಅವರು ಎದ್ದು ಹೋದ ಮೇಲೆ ನಾನು ಬಾವಿಕಟ್ಟೆಗೆ ನಡೆದು ತಣ್ಣೀರು ಸುರಿದುಕೊಂಡೆ. ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನ ಮಾಡುತ್ತಿರುವ ನನ್ನನ್ನು ಕಂಡ ಸೊಸೆ ಗಾಬರಿಯಾಗಿ, "ಮಾವ, ಯಾರು ಹೋದ್ರು? ನಮ್ಮವರಾ?" ಎಂದು ಕೇಳಿದಳು. ಹೌದೆಂದೆ. ಶಾಸ್ತ್ರ ಇದಕ್ಕೆ ಏನನ್ನುತ್ತದೆಯೋ ತಿಳಿಯದು. ಶಾಸ್ತ್ರವನ್ನು ಬರೆದ ಹಿರಿಯರು ಅಂಕೋಲೆಗೆ ಇಂಥದೊಂದು ಸಂದರ್ಭ ಒದಗೀತೆಂದು ಊಹಿಸಿರಲಾರರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರವರಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದವರಲ್ಲ. ಒಕ್ಕಲು ಮಂದಿಗೆ ಅವರು 'ಪಾದ್ರಿ ಒಡೆಯ', ನನಗೆ 'ಉಪದೇಶಿಗಳು', ಅವರ ಮೇಲಧಿಕಾರಿಗಳಾದ ಕಾರವಾರ ಸಭೆಯ ಹಿರಿಯ ಪಾಲಕರಿಗೆ, ಬಹುಕಾಲದವರೆಗೆ, ಒಂದು ತಲೆನೋವು.

ಅವರು ಬಂದದ್ದು ಉಪ್ಪಿನ ಚಳವಳಿಯ ಕಾವು ಇನ್ನೂ ಆರದಿದ್ದ ದಿನಗಳಲ್ಲಿ. ನಾನಾಗ ಅಂಕೋಲೆಯ ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಊರಿಗೆ ಊರೇ ಸರಕಾರದ ಮೇಲೆ ಕಿಡಿಕಾರುತ್ತಿದ್ದಾಗ, ಸಾಹೇಬರ ದೇವರನ್ನು ಬಗಲಲ್ಲಿಟ್ಟುಕೊಂಡು ಬಂದವನೊಬ್ಬ ಬೆಳಂಬಾರದ ದಾರಿಯಲ್ಲಿ ಹಂಚಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದನೆಂದರೆ ಜನ ಸುಮ್ಮನಿರುವರೇ? ಸುಮ್ಮನಿದ್ದರು. ಕಾರಣ ಇಷ್ಟೇ: ಆ ಮನುಷ್ಯನನ್ನು ನೋಡಿದರೆ ಸಿಟ್ಟು ಬರುತ್ತಿರಲಿಲ್ಲ. ಎತ್ತರದ ಬಡಕಲು ದೇಹ, ಗಾಳಿಗೆ ಪ್ರತಿದಿನವೂ ತಿರುವುಮುರುವಾಗುವ ಒಂದು ಛತ್ರಿ, ಎದುರಿಗೆ ಎಮ್ಮೆ ಬಂದರೂ ದಾರಿಬಿಟ್ಟು ನಿಂತು ಅದು ಹೋದ ಮೇಲೆಯೇ ಮುಂದಡಿಯಿಡುವ ಸೌಜನ್ಯ. ಘಟ್ಟದ ಮೇಲಿನವರು, ಧಾರವಾಡದ ಕಡೆಯ ಎರೆಮಣ್ಣಿನ ಊರಿನವರು. ಬಾವಿಗಿಂತ ದೊಡ್ಡ ನೀರನ್ನು ಕಾಣದೆ ಬೆಳೆದವರು.

ಅವರ ಸಭೆಯ ಪದ್ಧತಿಯಾದರೋ ನೀರಿನದೇ. ಕಾರವಾರದ ಕೆಥೋಲಿಕರ ಇಗರ್ಜಿಯಲ್ಲಿ ಹಸುಗೂಸಿನ ನೆತ್ತಿಗೆ ನಾಲ್ಕು ಹನಿ ಚಿಮುಕಿಸಿದರೆ ಆಯಿತು. ಇವರಲ್ಲಿ ಹಾಗಲ್ಲ. ತಿಳಿವಳಿಕೆ ಬಂದವನು, ತಾನಾಗಿ ನಂಬಿದವನು, ಎಲ್ಲರೆದುರು ನೀರಿಗಿಳಿದು, ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ಆಗಲೇ ಆತ ಶಿಷ್ಯ. ಮುಳುಗಿಸುವವರು ಉಪದೇಶಿಗಳು. ಆ ಉಪದೇಶಿಗಳಿಗೋ ಸಮುದ್ರವೆಂದರೆ ಜೀವಭಯ.

ಒಂದು ಸಂಜೆ ಬೆಳಂಬಾರದ ದಂಡೆಯಲ್ಲಿ ನಾನು ಅವರನ್ನು ಕಂಡೆ. ಸೊಂಟದ ತನಕ ನೀರಿನಲ್ಲಿ ನಿಂತು, ಬಾಳೆಯ ದಿಂಡೊಂದನ್ನು ಎರಡೂ ತೋಳುಗಳಲ್ಲಿ ಹಿಡಿದು, ಹಿಂದಕ್ಕೆ ಮಲಗಿಸಿ, ಮುಳುಗಿಸಿ, ಎಬ್ಬಿಸುತ್ತಿದ್ದರು. ತೆರೆ ಬಂದಾಗಲೆಲ್ಲ ದಿಂಡನ್ನು ಬಿಟ್ಟು ದಂಡೆಗೆ ಓಡಿಬರುತ್ತಿದ್ದರು. ದಿಂಡು ತೇಲಿಹೋಗುತ್ತಿತ್ತು. ಬಲೆ ಬಿಡಿಸುತ್ತ ಕುಳಿತ ಅಂಬಿಗರವನೊಬ್ಬ ಅದನ್ನು ಹಿಡಿದು ತಂದುಕೊಡುತ್ತ, "ಒಡ್ಯಾ, ಶಿಷ್ಯನ್ನ ಹೀಗೆ ಕೈಬಿಟ್ಟು ಓಡಿದ್ರೆ ಅವ ಗೋವೆ ಮುಟ್ತಾ ನೋಡಿ!" ಎಂದ. ಉಪದೇಶಿಗಳು ನಕ್ಕರು. ಅವರ ನಗು ವಿಚಿತ್ರವಾದದ್ದು. ಸದ್ದಿರುತ್ತಿರಲಿಲ್ಲ, ಭುಜಗಳು ಮಾತ್ರ ಕುಣಿಯುತ್ತಿದ್ದವು.

ನನಗೂ ಅವರಿಗೂ ಸ್ನೇಹ ಬೆಳೆದದ್ದು ಭಾಷೆಯ ನೆವದಿಂದ. ತಮ್ಮ ಧಾರವಾಡದ ಮಾತು ಇಲ್ಲಿಯವರಿಗೆ ಒಗ್ಗಲಾರದೆಂದು ಹೆದರಿ, ಭಾನುವಾರ ಸಭೆಯಲ್ಲಿ ಹೇಳಬೇಕಾದ ಪ್ರಸಂಗವನ್ನು ಶನಿವಾರವೇ ನನಗೆ ಓದಿತೋರಿಸಿ ತಿದ್ದಿಸಿಕೊಂಡು ಹೋಗುತ್ತಿದ್ದರು. ಸಂಧ್ಯಾವಂದನೆ ಮುಗಿಸಿ, ಅದೇ ಜಗಲಿಯ ಮೇಲೆ ಕುಳಿತು, ನಾನು ಯೇಸುವಿನ ಮಾತುಗಳಿಗೆ ಒಳ್ಳೊಳ್ಳೆಯ ಸಮಾಸಗಳನ್ನು ಕೂಡಿಸುತ್ತಿದ್ದೆ. ಕೆಲಸ ಸೊಗಸಾಗಿಯೇ ನಡೆದಿತ್ತು. ಆದರೆ ಅವರ ಕೋಣೆಯ ಹಿಂಬದಿಗೆ ಬುಟ್ಟಿ ಇಳಿಸಿ ಕೂರುತ್ತಿದ್ದ ಒಬ್ಬ ಅಜ್ಜಿ, ಬೆಳಂಬಾರದಿಂದ ಸೊಪ್ಪು, ಬದನೆ ತಂದು ಅಂಕೋಲೆಯಲ್ಲಿ ಮಾರುವವಳು, ಒಂದು ದಿನ ಪ್ರಸಂಗದ ನಡುವೆಯೇ ಎದ್ದು, "ಇದು ಮಾಸ್ತರ್ರು ಹೇಳೂದು. ನೀವು ಹೇಳೂದು ಯಾವಾಗ?" ಎಂದಳಂತೆ. ಅಂದಿನಿಂದ ಅವರು ತಮ್ಮ ಮಾತಿನಲ್ಲೇ ಹೇಳತೊಡಗಿದರು. ಶನಿವಾರ ಮಾತ್ರ ತಪ್ಪದೆ ಬರುತ್ತಿದ್ದರು. ತಿದ್ದುವುದಕ್ಕೆ ಏನೂ ತರುತ್ತಿರಲಿಲ್ಲ.

"ಆ ಅಜ್ಜಿ ನಿಮ್ಮ ಶಿಷ್ಯಳಾಗುವಳೇ?" ಎಂದು ಕೇಳಿದೆ.

"ನೆರಳಿಗೆ ಕೂಡ್ತೀನಿ ಅಂತಾಳ್ರಿ. ನೆರಳು ಕೊಡೂದೂ ಒಂದು ಸೇವೆನ ಅಲ್ಲೇನ್ರಿ?"

ಅವರಿಗೆ ಶಿಷ್ಯರು ಏಕೆ ಆಗಲಿಲ್ಲವೆಂಬುದನ್ನು ಹೇಳಬೇಕು. ಅದರಲ್ಲಿಯೇ ಆ ಮನುಷ್ಯ ಪೂರ್ತಿಯಾಗಿ ಇದ್ದಾರೆ.

ಬರುವವರು ಬರದೆ ಇರಲಿಲ್ಲ. ಆದರೆ ನಮ್ಮ ಕಡೆ ಒಬ್ಬನು ತನ್ನ ಕುಲದೇವರನ್ನು ಬಿಡುತ್ತೇನೆಂದು ಹೊರಟರೆ, ಹೆಚ್ಚಾಗಿ ಅದು ದೇವರ ಮೇಲಿನ ಸಿಟ್ಟಿನಿಂದಲ್ಲ, ಅಣ್ಣನ ಮೇಲಿನ ಸಿಟ್ಟಿನಿಂದ. ಬೆಳಂಬಾರದ ಅಣ್ಣ-ತಮ್ಮಂದಿರಿಬ್ಬರದು ಹಾಗೆಯೇ. ಅವರದು ಹೊಳೆಯ ಉಪ್ಪುನೀರು ಒಳನುಗ್ಗುವ ಗಜನಿ ಗದ್ದೆ. ಕಟ್ಟೆಯ ಬಾಗಿಲು ಮುಚ್ಚಿದರೆ ಭತ್ತ, ತೆರೆದರೆ ಸೀಗಡಿ. ಅಣ್ಣನಿಗೆ ಭತ್ತ ಬೇಕು, ತಮ್ಮನಿಗೆ ಸೀಗಡಿ. ಅಣ್ಣ ಹಗಲು ಮುಚ್ಚಿದ್ದನ್ನು ತಮ್ಮ ಕದ್ದು ತೆರೆಯುತ್ತಿದ್ದ. ಕೊನೆಗೆ ಅಣ್ಣ ಉಪದೇಶಿಗಳ ಬಾಗಿಲಿಗೆ ಬಂದು, "ನನ್ನ ಮುಳುಗ್ಸಿ ಬಿಡಿ ಒಡ್ಯಾ. ಅವನ ಸಂಗಡ ಒಂದೇ ದೇವರಿಗೆ ಕೈಮುಗಿಯೂಕೆ ನನ್ನ ಹತ್ರ ಆಗೂದಿಲ್ಲ" ಎಂದ.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಸಮುದ್ರಕ್ಕೆ ಕರೆದೊಯ್ಯುತ್ತಿದ್ದರು. ಇವರು, "ಆಗಲಿ. ಆದರ ವೈರ ಇಟ್ಟುಕೊಂಡು ನೀರಿಗೆ ಇಳೀಬಾರದು. ಮೊದಲ ತಮ್ಮನ ಮನಿಗೆ ಹೋಗು, ರಾಜಿ ಆಗಿ ಬಾ. ಆಮ್ಯಾಲೆ ಮುಳುಗೋಣ" ಎಂದರು. ಇದು ಅವರ ನಿಯಮ. ಬೈಬಲಿನಲ್ಲಿ ಆಧಾರವಿದೆಯೆಂದು ನನಗೆ ತೋರಿಸಿದ್ದರು. ಆ ಮನುಷ್ಯ ಒಂದಿಷ್ಟು ದಿನ ಹಲ್ಲು ಕಡಿದು, ನಂತರ ಧರ್ಮಾಂತರದ ಹಠಕ್ಕಾಗಿಯೇ ತಮ್ಮನ ಮನೆಗೆ ಹೋದ. ಉಪದೇಶಿಗಳೂ ಜೊತೆಗಿದ್ದರು. ಅತ್ತರು, ಬೈದರು, ಗಂಜಿ ಉಂಡರು. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಸೀಗಡಿ ಎಂದು ಒಪ್ಪಂದವಾಯಿತು. ಭಾನುವಾರ ಉಪದೇಶಿಗಳು ಕಾದರು. ಅಣ್ಣ ಬರಲಿಲ್ಲ. ದಾರಿಯಲ್ಲಿ ಸಿಕ್ಕಾಗ ಕೇಳಿದರೆ, ಅವನು ನಿಜವಾಗಿಯೂ ಆಶ್ಚರ್ಯಪಟ್ಟು, "ಕೆಲ್ಸ ಆಯ್ತಲ್ಲ ಒಡ್ಯಾ! ಇನ್ನೆಂತಕ್ಕೆ ನೀರು?" ಎಂದ.

ಇದು ಒಮ್ಮೆಯಾದದ್ದಲ್ಲ, ಮತ್ತೆ ಮತ್ತೆ ಆಯಿತು. ಜಗಳದಿಂದ ಬಂದವನು ರಾಜಿಯಿಂದ ಹಿಂತಿರುಗುತ್ತಿದ್ದ. ಬರಬರುತ್ತ ಊರಿಗೆ ಇದರ ಉಪಯೋಗ ತಿಳಿಯಿತು. ಶೆಟಗೇರಿಯ ಸೊಸೆಯೊಬ್ಬಳು ಅತ್ತೆಗೆ, "ಇನ್ನೊಂದು ಮಾತು ಆಡಿದ್ರೆ ನಾ ಮುಳುಗೂ ಸಭೆಗೆ ಹೋತೆ" ಎಂದಳು. ಅತ್ತೆ ಹೆದರಿ ಓಡಿಬಂದು ಉಪದೇಶಿಗಳ ಕಾಲು ಹಿಡಿದು, "ಒಡ್ಯಾ, ಅವಳ ತಕಣಬೇಡಿ. ಬೇಕಾದ್ರೆ ನನ್ನ ತಕಣಿ, ನಾನು ಮುದುಕಿ, ನಷ್ಟ ಇಲ್ಲ" ಎಂದಳು. ಇನ್ನೊಬ್ಬನದು ಬೇರೆಯೇ ಬೇಡಿಕೆ. ಅವನ ತಾಯಿ ಹಾಸಿಗೆ ಹಿಡಿದಿದ್ದಳು. "ನಮ್ಮ ಅವ್ವೆಗೆ ನಡೆಯೂಕೆ ಆಗೂದಿಲ್ಲ. ಅವಳ ಲೆಕ್ಕಕ್ಕೆ ನಾನೇ ಮುಳುಗ್ತೆ. ಪುಣ್ಯ ಅವಳಿಗೆ ಹೋಗಲಿ, ನಂದು ಆಮೇಲೆ ನೋಡ್ವ" ಎಂದ. ಉಪದೇಶಿಗಳು ಅವನ ಮನೆಗೆ ಹೋಗಿ ಆ ತಾಯಿಯ ಕಾಲಿಗೆ ಎಣ್ಣೆ ತಿಕ್ಕಿ ಬಂದರು. ಮುಳುಗಿಸಲಿಲ್ಲ.

ನನ್ನನ್ನೂ ಒಮ್ಮೆ ಕೇಳಿದ್ದರು. "ಮಾಸ್ತರ, ನಿಮಗ ಯಾರ ಸಂಗಡ ವೈರ ಅದ?" ನಮ್ಮ ಮುಖ್ಯೋಪಾಧ್ಯಾಯರ ಸಂಗಡ ಇತ್ತು, ಹೇಳಿದೆ. "ಅದನ್ನ ಮುಗಿಸಿ ಬಿಡ್ರಲ್ಲ" ಎಂದರು. ಹಾಗೆ ಮುಗಿಸಿದವರ ಮುಂದಿನ ಮೆಟ್ಟಿಲು ಯಾವುದೆಂದು ಬಲ್ಲ ನಾನು, ಆ ಜಗಳವನ್ನು ಜೋಪಾನವಾಗಿ ಕಾಪಾಡಿಕೊಂಡೆ. ಹೀಗೆ ಪರಮತದಿಂದ ನನ್ನನ್ನು ರಕ್ಷಿಸಿದ ಕೀರ್ತಿ ಆ ಮುಖ್ಯೋಪಾಧ್ಯಾಯರಿಗೆ ಸಲ್ಲಬೇಕು.

ಕಾರವಾರದ ಹಿರಿಯ ಪಾಲಕರಿಗೆ ಈ ವಿನೋದವೆಲ್ಲ ಹಿಡಿಸದಿದ್ದುದು ಸಹಜ. ಅವರು ಕೆಟ್ಟವರಲ್ಲ. ಕೆಲಸವನ್ನು ಕೆಲಸದಂತೆ ಮಾಡುವವರು, ಇಸ್ತ್ರಿ ಮಾಡಿದ ಕೋಟಿನವರು. ಕಾಳಿ ಹೊಳೆಯ ಅಳಿವೆಯಲ್ಲಿ, ದೇವಬಾಗದ ಎದುರಿಗೆ, ಅವರು ವರ್ಷವರ್ಷವೂ ಜನರನ್ನು ಮುಳುಗಿಸಿ ಎಬ್ಬಿಸುತ್ತಿದ್ದರು. ಒಂದು ವಾರ್ಷಿಕ ಕೂಟದಲ್ಲಿ ಎಲ್ಲರೆದುರು ಅವರು, "ಯೇಸುಸ್ವಾಮಿ ನಮಗೆ ಮನುಷ್ಯರನ್ನು ಹಿಡಿಯುವ ಬೆಸ್ತರಾಗಿರಿ ಎಂದರು. ನಮ್ಮ ಅಂಕೋಲೆಯ ಸಹೋದರರು ಸಮುದ್ರದ ಬದಿಯಲ್ಲಿ ಕೂತು ಬಲೆ ಒಣಗಿಸುತ್ತಿದ್ದಾರೆ" ಎಂದರಂತೆ. ಎಲ್ಲರೂ ನಕ್ಕರು. ನಮ್ಮ ಉಪದೇಶಿಗಳ ಭುಜ ಕುಣಿಯಲಿಲ್ಲ. ಅಂದಿನಿಂದ ಅವರು ಆ ಹಿರಿಯರೊಡನೆ ಅಗತ್ಯಕ್ಕೆ ಮೀರಿ ಒಂದು ಮಾತೂ ಆಡಲಿಲ್ಲ. ಆ ವಿಷಯ ಬಂದಾಗಲೆಲ್ಲ ಛತ್ರಿಯ ಕಡ್ಡಿಗಳನ್ನು ನೆಟ್ಟಗೆ ಮಾಡುತ್ತ ಕೂತುಬಿಡುತ್ತಿದ್ದರು.

ಒಂದು ಮಳೆಗಾಲದ ಆರಂಭದಲ್ಲಿ ಹಿರಿಯ ಪಾಲಕರು ಖುದ್ದಾಗಿ ಬಂದು ಹೇಳಿ ಹೋದರು: ಮಳೆ ನಿಂತು ಸಮುದ್ರ ತಣ್ಣಗಾದ ಮೇಲೆ ತಾವು ಬೆಳಂಬಾರಕ್ಕೆ ಬರುವರು, ಅಂದು ದೀಕ್ಷಾಸ್ನಾನಕ್ಕೆ ಒಬ್ಬರಾದರೂ ಇಳಿಯಬೇಕು, ಇಲ್ಲದಿದ್ದರೆ ಅಂಕೋಲೆಯ ಸಭೆ ಮುಚ್ಚುವುದು. ಈ ಮೊದಲೇ ಬೇರೆ ಊರುಗಳಲ್ಲಿ ಇದೇ ನಿಯಮವನ್ನು ಹಿಡಿದು ಸಭೆ ಕಳೆದುಕೊಂಡವರು ನಮ್ಮ ಉಪದೇಶಿಗಳು. ಇದೂ ಹೋದರೆ ಇನ್ನು ಯಾರೂ ಅವರಿಗೆ ಸಭೆ ಕೊಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ. ಒಂದು ಕುರಿಹಿಂಡನ್ನು ಕಾಯುವುದಕ್ಕಾಗಿ ಮನೆ, ಹೊಲ, ಬಂಧುಗಳನ್ನು ಬಿಟ್ಟುಬಂದ ಮನುಷ್ಯ ಹಿಂಡಿಲ್ಲದೆ ಮುದುಕನಾಗಬೇಕು.

"ನಿಯಮವನ್ನು ಒಂದಿಷ್ಟು ಸಡಿಲಿಸಬಾರದೇ?" ಎಂದೆ. "ಮೊದಲು ಮುಳುಗಿಸಿ, ಆಮೇಲೆ ರಾಜಿ ಮಾಡಿಸಿ."

"ಆಗ್ತದ್ರಿ, ಆಗದ ಏನು," ಎಂದರು. "ಆದರ ಹಂಗ ಬಂದಾವ ದೇವರ ಕಡೆ ಬಂದಂಗ ಅಲ್ಲ, ಅಣ್ಣನ ಕಡಿಂದ ಓಡಿ ಹೋದಂಗ."

ವಿಷಯ ಅದು ಹೇಗೋ ಊರಿಗೆ ತಿಳಿಯಿತು. ನಾನೇ ಹೇಳಿರಬಹುದು. ಹಿರಿಯ ಪಾಲಕರು ಬಂದ ದಿನ ಬೆಳಂಬಾರದ ದಂಡೆಗೆ ಹೋಗಿ ನೋಡಿದರೆ ಜಾತ್ರೆಯಂತೆ ಜನ! ಗಜನಿಯ ಅಣ್ಣ-ತಮ್ಮಂದಿರು ಕಚ್ಚೆ ಬಿಗಿದು ಮೊದಲಿಗೆ ನಿಂತಿದ್ದಾರೆ. ಶೆಟಗೇರಿಯ ಅತ್ತೆ-ಸೊಸೆ ಕೈಕೈ ಹಿಡಿದಿದ್ದಾರೆ. ಹಾಸಿಗೆ ಹಿಡಿದ ತಾಯಿಯ ಮಗ ಇದ್ದಾನೆ. ರಾಜಿಯಾದ ಮನೆಮನೆಯೂ ಸಮುದ್ರದಲ್ಲಿ ಸಾಲುಗಟ್ಟಿದೆ. ಹಿರಿಯ ಪಾಲಕರು ಮರಳಿನ ಮೇಲೆ ಹಾಕಿಸಿದ ಕುರ್ಚಿಯಲ್ಲಿ ಕುಳಿತು, ಇಂಥ ಸುಗ್ಗಿಯನ್ನು ಕಾಳಿಯ ಬದಿಯಲ್ಲೂ ಕಾಣದವರಂತೆ ಕಣ್ಣರಳಿಸಿದ್ದರು. ಸೊಪ್ಪಿನ ಅಜ್ಜಿ ಮಾತ್ರ ನೀರು ಮುಟ್ಟದ ಒಣಮರಳಿನಲ್ಲಿ ದೂರ ನಿಂತಿದ್ದಳು.

ಉಪದೇಶಿಗಳು ತೆರೆಗೆ ಹೆದರಿ ಹೆದರಿ ಸೊಂಟದ ನೀರಿಗೆ ಬಂದು, ಅಣ್ಣನನ್ನು ಕೇಳಿದರು. "ಯಾರ ಸಂಗಡ ವೈರ ಅದ?"

"ಎಲ್ಲಿದ್ದು ಒಡ್ಯಾ? ನೀವೇ ಇಡಗೊಡ್ಲಿಲ್ಲ!"

"ಹಂಗಾದರ ಯಾಕ ಮುಳುಗ್ತಿ?"

"ನೀವು ಇಲ್ಲೇ ಇರ್ಬೇಕಲ್ಲ, ಅದಕ್ಕೆ. ಅಮಾಸೆಗೆ ನಾವು ಮುಳುಗೂದಿಲ್ವಾ? ಇದೊಂದು ನಿಮ್ಮ ಹೆಸ್ರಲ್ಲಿ."

ಸಾಲಿನುದ್ದಕ್ಕೂ ಉತ್ತರ ಇದೇ. ಶೆಟಗೇರಿಯ ಅತ್ತೆಯಂತೂ, "ಎರಡು ಸಲ ಮುಳುಗಿದ್ರೆ ಎರಡು ವರ್ಷ ಇರೂಕೆ ಬಿಡ್ತ್ರಾ?" ಎಂದು ವಿಚಾರಿಸಿದಳು. ಉಪದೇಶಿಗಳು ಯಾರ ತಲೆಯ ಮೇಲೂ ಕೈಯಿಡದೆ ನಿಂತರು. "ನನ್ನ ಹೆಸರಿನಾಗ ಅಲ್ರೆಪಾ" ಎಂದಷ್ಟೇ ಅಂದದ್ದು ನನಗೆ ಕೇಳಿಸಿತು. ಹಿರಿಯ ಪಾಲಕರು ಕುರ್ಚಿಯಿಂದಲೇ, "ಬೇಗ ಆಗಲಿ, ಸಮುದ್ರದ ಇಳಿತ ಹತ್ತಿರವಾಯಿತು!" ಎಂದು ಕೂಗಿದರು. ಉಪದೇಶಿಗಳ ಮುಖ ಬಿಗಿದುಕೊಂಡಿತು. ಆಗ ದಂಡೆಯ ಮೇಲಿನಿಂದ ಅಜ್ಜಿಯ ಸ್ವರ ಬಂತು.

"ಒಡ್ಯಾ, ಎಲ್ಲರ ಹತ್ರ ಕೇಳ್ತ್ರಿ. ನಿಮ್ಗೆ ಯಾರ ಸಂಗಡವೂ ವೈರ ಇಲ್ಯಾ?"

ಉಪದೇಶಿಗಳು ಅವಳನ್ನು ನೋಡಿದರು, ಆಮೇಲೆ ಕುರ್ಚಿಯನ್ನು. ದೊಡ್ಡದೊಂದು ತೆರೆ ಬಂದು ಎದೆಗೆ ಬಡಿಯಿತು. ಅಂದು ಅವರು ಓಡಲಿಲ್ಲ. ನಿಧಾನವಾಗಿ ನಡೆದು ದಂಡೆಗೆ ಬಂದು, ನೀರು ಸುರಿಯುವ ಬಟ್ಟೆಯಲ್ಲೇ ಹಿರಿಯರ ಎದುರು ನಿಂತು, "ಅಯ್ಯನವರ, ಆ ಬಲೀ ಒಣಗಿಸೂ ಮಾತು ನನ್ನ ಎದಿಯೊಳಗ ಮುಳ್ಳಿನಂಗ ಕೂತಿತ್ರಿ. ನಿಮ್ಮ ಮ್ಯಾಲೆ ಸಿಟ್ಟು ಇಟ್ಟುಕೊಂಡು ನಾ ಊರ ಮಂದಿಗೆಲ್ಲ ರಾಜಿ ಮಾಡಿಸಿದೆ. ನನ್ನ ಕ್ಷಮಿಸ್ರಿ" ಎಂದು ಕೈಮುಗಿದರು.

ಹಿರಿಯ ಪಾಲಕರು ಏಳಹೋದರು. ಕುರ್ಚಿಯ ಕಾಲುಗಳು ಮರಳಿನಲ್ಲಿ ಹೂತು ಅವರು ವಾಲಿದರು. ಉಪದೇಶಿಗಳೇ ಹಿಡಿದು ನಿಲ್ಲಿಸಿದರು. ಹಾಗೆ ಹಿಡಿದ ಕೈಯನ್ನು ಹಿರಿಯರು ಬಿಡಲಿಲ್ಲ. "ಅಂದು ನಗಿಸಬೇಕೆಂದು ಆಡಿದೆ. ಆಡಿದ ಮೇಲೆ ನನಗೂ ನಿದ್ದೆ ಬರಲಿಲ್ಲ" ಎಂದರು. ಇಸ್ತ್ರಿಯ ಕೋಟು ಒದ್ದೆಯಾಗುವಂತೆ ಅಪ್ಪಿಕೊಂಡರು. ಆ ದೃಶ್ಯವನ್ನು ಕಂಡು ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆ. ಸಮುದ್ರದಲ್ಲಿ ನಿಂತವರಿಗೂ ಪರಮ ಸಂತೋಷವಾಯಿತು. ಗಜನಿಯ ತಮ್ಮ, "ಹಾಂ, ಇವರದ್ದೂ ಆಯ್ತು! ನಡೀರಿ ಮನಿಗೆ" ಎಂದ. ಎಲ್ಲರೂ ಬಟ್ಟೆ ಹಿಂಡಿಕೊಂಡು ಹೊರಟುಹೋದರು. ರಾಜಿಯಾದ ಮೇಲೆ ಮುಳುಗುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಹಾಗೆ ಮುಳುಗದೆ ಮನೆಗೆ ಹೋಗುವುದನ್ನು ಕಲಿಸಿದವರು ಯಾರೆಂದು ಮೇಲೆಯೇ ಹೇಳಿದ್ದೇನೆ.

ಮುಂದಿನದು ಇನ್ನೂ ವಿಚಿತ್ರ. ವೈರವಿದ್ದಷ್ಟು ಕಾಲ ಹಿರಿಯ ಪಾಲಕರು ಇವರನ್ನು ಅಂಕೋಲೆಯಲ್ಲಿ ಹೇಗೋ ಸಹಿಸಿಕೊಂಡಿದ್ದರು. ಸ್ನೇಹವಾದೊಡನೆ ಬಿಟ್ಟಿರಲಾರದಾದರು. "ಇಲ್ಲಿ ಒಬ್ಬರೇ ಏಕೆ ಕೊರಗುವುದು? ಕಾರವಾರಕ್ಕೆ ಬನ್ನಿ, ನನ್ನ ಪಕ್ಕದಲ್ಲಿರಿ" ಎಂದು ಕಣ್ಣು ಒದ್ದೆ ಮಾಡಿಕೊಂಡು ಹೇಳಿದರು. ಶಿಷ್ಯರಿಲ್ಲದ ಸಭೆ ಮುಚ್ಚುವುದಂತೂ ಖಚಿತವೇ ಆಗಿತ್ತು. ಅದನ್ನೀಗ ಪ್ರೀತಿಯಿಂದ ಮುಚ್ಚಿದರು. ಇವರಾದರೋ ಬೇಡವೆನ್ನುವಂತಿಲ್ಲ. ಬೇಡವೆಂದರೆ ಮತ್ತೆ ಮನಸ್ತಾಪ.

ಹೊರಡುವ ದಿನ ಬೆಳಿಗ್ಗೆ ನನ್ನ ಸ್ನಾನ-ಸಂಧ್ಯೆ ಮುಗಿಸಿ, ಅವರನ್ನು ಮೋಟಾರು ಹತ್ತಿಸಲು ಹೋದೆ. ಪೆಟ್ಟಿಗೆ, ಹಾಸಿಗೆ, ಬಟ್ಟೆಬರೆಯೆಲ್ಲ ಹಿಂದಿನ ದಿನವೇ ಗಾಡಿಯಲ್ಲಿ ಹೋಗಿಯಾಗಿತ್ತು. ಖಾಲಿ ಕೋಣೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಬುಟ್ಟಿ ಇರಲಿಲ್ಲ.

"ನನ್ನ ಮುಳುಗ್ಸಿ ಹೋಗಿ," ಎಂದಳು.

ಉಪದೇಶಿಗಳು ಛತ್ರಿಯನ್ನು ಗೋಡೆಗೊರಗಿಸಿದರು. "ಯಾರ ಸಂಗಡ ವೈರ ಅದ, ಅಜ್ಜಿ?"

"ಇದ್ದಿತ್ತು. ದೇವರ ಸಂಗಡ. ನನ್ನ ಮಗನ್ನ ಸಮುದ್ರ ತಕಂಡು ಹೋದ ದಿವ್ಸದಿಂದ ನಾ ಅವನ ಹತ್ರ ಮಾತು ಬಿಟ್ಟಿದ್ದೆ. ಯಾವ ದೇವರ ಹತ್ರವೂ ಆಡ್ಲಿಲ್ಲ. ಸಮುದ್ರಕ್ಕೂ ಕಾಲು ಹಾಕ್ಲಿಲ್ಲ. ನಿಮ್ಮ ಹಿಂದೆ ಕೂತು ಕೂತು, ನೀವು ಅವನ ಹತ್ರ ಮಾತಾಡೂದು ಕೇಳಿ ಕೇಳಿ, ನಂಗೂ ಬಾಯಿ ಬಂತು. ಈಗ ಆಡ್ತೆ."

"ನಾಳಿಂದ ಇಲ್ಲಿ ಸಭಾ ಇಲ್ಲ. ನಾ ಇಲ್ಲ. ಒಬ್ಬಾಕಿನ ಏನು ಮಾಡ್ತಿ?"

"ಒಬ್ಬಳೇ ಇದ್ರೆ ಒಳ್ಳೇದಾಯ್ತು. ಜಗಳ ಆಗೂದಿಲ್ಲ."

ಅವರ ಭುಜಗಳು ಕುಣಿದವು. ಆಮೇಲೆ ನಗುವೋ ಅಳುವೋ ತಿಳಿಯದಂತೆ ಬಹಳ ಹೊತ್ತು ಕುಣಿಯುತ್ತಲೇ ಇದ್ದವು.

ಬೆಳಂಬಾರದ ದಂಡೆಯಲ್ಲಿ ಸಾಕ್ಷಿಗೆ ಇದ್ದವನು ನಾನೊಬ್ಬನೇ, ಜನಿವಾರದವನು. ಅಜ್ಜಿಯ ಪಾದಕ್ಕೆ ಮೊದಲ ತೆರೆ ತಾಗಿದಾಗ ಅವಳು ಒಮ್ಮೆ ಕಣ್ಣು ಮುಚ್ಚಿ ನಿಂತಳು, ಮತ್ತೆ ನಡೆದಳು. ಹೆದರುತ್ತಿದ್ದವರು ಉಪದೇಶಿಗಳು. ಅವರ ಕೈಹಿಡಿದು ಮುಂದಕ್ಕೆ ಕರೆದೊಯ್ದವಳು ಅವಳು. ಅವರು ತಮ್ಮ ಮಾತಿನಲ್ಲಿ ಏನೋ ಪ್ರಾರ್ಥಿಸಿ, ಆ ಹಗುರ ದೇಹವನ್ನು ಹಿಂದಕ್ಕೆ ಮಲಗಿಸಿ ಮುಳುಗಿಸಿ ಎಬ್ಬಿಸಿದರು. ತೆರೆ ಬಂತು, ಕೈಬಿಡಲಿಲ್ಲ. ಅಜ್ಜಿ ಸೆರಗು ಹಿಂಡಿಕೊಂಡು, "ಬದನೆ ಗಿಡಕ್ಕೆ ನೀರು ಹಾಕ್ಲಿಲ್ಲ ಇವತ್ತು" ಎನ್ನುತ್ತ ಮನೆಯ ದಾರಿ ಹಿಡಿದಳು.

ಅಂಕೋಲೆಗೆ ಬರುವ ದಾರಿಯುದ್ದಕ್ಕೂ ನಾನು ಉತ್ಸಾಹದಿಂದ ಹೇಳುತ್ತಲೇ ಇದ್ದೆ. "ಒಬ್ಬರಾದರೂ ಇಳಿಯಬೇಕೆಂದಿದ್ದರಲ್ಲವೇ? ಇಳಿದರು! ಕಾರವಾರಕ್ಕೆ ಹೋದೊಡನೆ ತಿಳಿಸಿ. ಸಭೆ ಉಳಿಯುತ್ತದೆ, ನೀವೂ ಉಳಿಯುತ್ತೀರಿ. ಅವರು ಈಗ ನಿಮ್ಮ ಸ್ನೇಹಿತರು, ಇಲ್ಲವೆನ್ನಲಾರರು."

"ಇಲ್ರಿ ಮಾಸ್ತರ," ಎಂದರು. "ಹೇಳಿದರ ಆಕಿ ನನ್ನ ಸಲುವಾಗಿ ಮುಳುಗಿದಂಗ ಆಗ್ತದ."

ಅವರ ಬದುಕಿನ ಆಸೆಯೆಲ್ಲ ಆ ಒಂದು ಮಾತಿನ ಆಚೆ ಬದಿಗೆ ಇತ್ತು. ಅವರು ದಾಟಲಿಲ್ಲ.

ಮೋಟಾರಿನ ಡ್ರೈವರ್ ಅವರ ಪಂಚೆಯನ್ನು ನೋಡಿ, "ಹೋ ಪಾದ್ರಿಗಳೆ, ಈ ಒದ್ದೆಯಲ್ಲಿ ಸೀಟಿಗೆ ಕೂರ್ತ್ರಾ? ಬೇರೆಯವ್ರು ಕೂರೂದು ಬೇಡ್ವಾ?" ಎಂದು ಗದರಿದ. ಬದಲಿಸಲು ಬೇರೆ ಬಟ್ಟೆ ಇರಲಿಲ್ಲ. ಅವರು ತಪ್ಪೊಪ್ಪಿಕೊಂಡವರಂತೆ ಬಾಗಿಲ ಬಳಿ ಕಂಬಿ ಹಿಡಿದು ನಿಂತರು. ಮೋಟಾರು ತಿರುವಿನಲ್ಲಿ ಮರೆಯಾಗುವ ತನಕವೂ ನಿಂತೇ ಇದ್ದರು. ನನ್ನ ಚಿಂತೆ ಒಂದೇ ಆಗಿತ್ತು: ಕಾರವಾರದಲ್ಲಿ ಕಾದಿರುವ ಹಿರಿಯ ಪಾಲಕರು, ಮಳೆಯಿಲ್ಲದ ದಿನ ಇದೇನು ಒದ್ದೆಯೆಂದು ಕೇಳದೆ ಇರುವರೇ? ಈ ಮನುಷ್ಯ ನಿಜವನ್ನು ಹೇಳಲೊಪ್ಪುವವರಲ್ಲ, ಸುಳ್ಳು ಹೇಳಲು ಬರುವವರೂ ಅಲ್ಲ. ಆದರೆ ಆ ಸಭೆ ಮತ್ತೆಂದೂ ತೆರೆಯಲಿಲ್ಲ, ಎಂದರೆ ಹಿರಿಯರಿಗೆ ಅಜ್ಜಿಯ ಸಂಗತಿ ತಿಳಿಯಲೇ ಇಲ್ಲ. ಹಾಗಾದರೆ, ಆ ಕಾಲದ ಮೋಟಾರುಗಳಿಗೆ ಗಾಜಿನ ಕಿಟಕಿಗಳಿರುತ್ತಿರಲಿಲ್ಲವಷ್ಟೆ, ಕಾರವಾರ ಮುಟ್ಟುವುದರೊಳಗೆ ಸಮುದ್ರದ ಗಾಳಿಗೆ ಪಂಚೆ ಒಣಗಿರಬೇಕು.